ಹನ್ನೊಂದು ಗಂಟೆಯ ನೀರು

ಏಪ್ರಿಲ್ ಬಂತೆಂದರೆ ನಮ್ಮ ಕಡೆ ಯಾವುದಾದರೊಂದು ಕೆರೆಯಲ್ಲಿ ಮೀನು ಸತ್ತು ತೇಲುತ್ತವೆ. ತೇಲಿದ ದಿನವೇ ಊರಲ್ಲಿ ಎರಡು ಮಾತು ಹುಟ್ಟುತ್ತವೆ. ಹರಾಜಿನಲ್ಲಿ ಸೋತವರು ವಿಷ ಹಾಕಿದ್ದಾರೆ ಅನ್ನೋದು ಒಂದು. ಮೇಲಿನ ತೋಟದವರು ಔಷಧಿ ಹೊಡೆದ ಡ್ರಮ್ಮು ತೊಳೆದಿದ್ದಾರೆ ಅನ್ನೋದು ಇನ್ನೊಂದು. ಮಧ್ಯಾಹ್ನದ ಹೊತ್ತಿಗೆ ಯಾರೋ ಒಬ್ಬರು ಪ್ಲಾಸ್ಟಿಕ್ ಬಾಟಲಿಯಲ್ಲಿ ಆ ನೀರು ತುಂಬಿಕೊಂಡು ನಮ್ಮ ಕಾಲೇಜಿಗೆ ಬರುತ್ತಾರೆ. "ಮೇಡಂ, ಇದ್ರಾಗೆ ಏನು ವಿಷ ಐತಿ ಒಂಚೂರು ನೋಡಿ ಹೇಳ್ರಿ."

ನಾನು ದಾವಣಗೆರೆಯ ಒಂದು ಡಿಗ್ರಿ ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿನಲ್ಲಿ ಇನ್‌ಸ್ಟ್ರಕ್ಟರ್. ಕೀಟನಾಶಕ ಪತ್ತೆ ಮಾಡುವ ಯಂತ್ರ ನಮ್ಮಲ್ಲಿಲ್ಲ. ಇದ್ದಿದ್ದರೂ ಬಹಳಷ್ಟು ಸಲ ಆ ಬಾಟಲಿಯಿಂದ ಏನೂ ಸಿಗುತ್ತಿರಲಿಲ್ಲ. ಮೀನು ಸತ್ತಿದ್ದು ಬೆಳಗಿನ ಜಾವ, ನೀರು ಎತ್ತಿದ್ದು ಹನ್ನೊಂದಕ್ಕೆ. ಅಷ್ಟು ಹೊತ್ತಿಗೆ ಕೊಂದದ್ದು ಅಲ್ಲಿಂದ ಜಾಗ ಖಾಲಿ ಮಾಡಿರುತ್ತದೆ.

ಕೊಲ್ಲುವುದು ಬಹಳಷ್ಟು ಸಲ ನೀರಿನ ಆಕ್ಸಿಜನ್ನಿನ ಏರಿಳಿತ. ಕೆರೆ ಹಸಿರಾಗಿದ್ದಷ್ಟೂ ಈ ಆಟ ಜೋರು. ಊರಿನ ಮೋರಿ ನೀರು, ಕೊಟ್ಟಿಗೆ ತೊಳೆದ ನೀರು, ಗದ್ದೆಗೆ ಎರಚಿದ ಯೂರಿಯಾ-ಡಿಎಪಿಯ ಬಸಿ ನೀರು, ಎಲ್ಲ ಬಂದು ಸೇರಿದರೆ ಪಾಚಿಗೆ ಹಬ್ಬ. ಬಿಸಿಲಿರುವವರೆಗೆ ಪಾಚಿ ನೀರಿಗೆ ಆಕ್ಸಿಜನ್ ಕೊಡುತ್ತಲೇ ಇರುತ್ತದೆ. ಹೊತ್ತು ಮುಳುಗಿದರೆ ಕೊಡುವುದು ನಿಂತಿತು. ಉಸಿರಾಡುವುದು ಮಾತ್ರ ಯಾರಿಗೂ ನಿಲ್ಲುವುದಿಲ್ಲ. ಮೀನು, ಹುಳ, ಹೂಳಿನೊಳಗಿನ ಬ್ಯಾಕ್ಟೀರಿಯಾ, ಕಡೆಗೆ ಹಗಲೆಲ್ಲ ಕೊಟ್ಟ ಅದೇ ಪಾಚಿ ಕೂಡ ರಾತ್ರಿಯಿಡೀ ತೆಗೆಯುತ್ತಲೇ ಇರುತ್ತವೆ. ಹೊತ್ತು ಹುಟ್ಟುವುದಕ್ಕೆ ಮುಂಚಿನ ಗಳಿಗೆಯಲ್ಲಿ ಕೆರೆಯ ಜೇಬು ಪೂರ್ತಿ ಖಾಲಿ. ಬೇಸಿಗೆಯಲ್ಲಿ ನೀರು ಕಡಿಮೆ, ಕಾದ ನೀರು ಆಕ್ಸಿಜನ್ ಹಿಡಿದಿಟ್ಟುಕೊಳ್ಳುವುದೂ ಕಡಿಮೆ. ಹಿಂದಿನ ದಿನ ಮೋಡ ಮುಸುಕಿ, ಸಂಜೆಗೆ ಭರಣಿ ಮಳೆ ನಾಲ್ಕು ಹನಿ ಉದುರಿಸಿ ತಳದ ಕೆಸರು ಕಲಕಿತೋ, ಮಾರನೇ ದಿನ ಕಾಲೇಜಿಗೆ ಬಾಟಲಿ ಬಂತು ಅಂತಲೇ ಲೆಕ್ಕ.

ಚನ್ನಗಿರಿ ತಾಲ್ಲೂಕಿನಲ್ಲಿರುವ ನಮ್ಮ ಸೋದರಮಾವ ಕೆಲವು ವರ್ಷ ಊರ ಕೆರೆಯ ಮೀನು ಹರಾಜು ಹಿಡಿದಿದ್ದರು. ಊರಿನ ಹೆಸರು ಬರೆಯುವುದಿಲ್ಲ. ಈಗ ಬೇರೆಯವರು ಹಿಡಿದಿದ್ದಾರೆ, ಅವರ ವ್ಯಾಪಾರಕ್ಕೆ ನನ್ನಿಂದ ಕಲ್ಲು ಬೀಳುವುದು ಬೇಡ. ಒಂದು ಬೆಳಿಗ್ಗೆ ಮಾವ ಫೋನ್ ಮಾಡಿದರು, ಧ್ವನಿಯಲ್ಲೇ ಗೊತ್ತಾಯಿತು.

"ಹೋತವ್ವ, ಎಲ್ಲ ಹೋತು. ಯಾವನೋ ಹಾಳಾದೋನು ಏನೋ ಸುರುವ್ಯಾನೆ."

"ಕೊರಮೀನು ಸತ್ತಾವೇನು ಮಾವ?"

"ಇಲ್ಲ, ಅವು ಕೆಸರಾಗೆ ಒದ್ದಾಡ್ಕಂಡು ಅದಾವೆ. ಕಾಟ್ಲಾನೇ ಹೋದ್ವು, ಅದೂ ದೊಡ್ಡ ದೊಡ್ಡವೇ."

"ಸಣ್ಣವು?"

"ಸಣ್ಣವು ಅಷ್ಟೊಂದು ಇಲ್ಲವ್ವ."

ಇಷ್ಟು ಸಾಕು. ಕೊರಮೀನು, ಚೇಳುಮೀನು ನೀರಿನ ಮೇಲೆ ಬಂದು ಗಾಳಿಯನ್ನೇ ನೇರ ಎಳೆದುಕೊಳ್ಳಬಲ್ಲವು. ಕಾಟ್ಲಾಗೆ ಆ ವಿದ್ಯೆ ಇಲ್ಲ. ಆಕ್ಸಿಜನ್ ಇಳಿದಾಗ ಮೊದಲು ಉರುಳುವುದು ದೊಡ್ಡ ಮೀನು. ವಿಷವಾದರೆ ಇಷ್ಟು ಆರಿಸಿ ಕೊಲ್ಲುವುದಿಲ್ಲ, ಸಣ್ಣಪುಟ್ಟ ಮರಿಗಳೂ ಜೊತೆಗೇ ಹೋಗುತ್ತವೆ. ಮಾವನಿಗೆ ನನ್ನ ಮಾತು ಹಿಡಿಸಲಿಲ್ಲ. ಶತ್ರು ಇದ್ದಾನೆ ಅಂದುಕೊಳ್ಳುವುದರಲ್ಲಿ ಒಂದು ಸಮಾಧಾನ ಇರುತ್ತದಲ್ಲ, ಅದನ್ನು ಕಿತ್ತುಕೊಂಡಂತಾಯಿತು.

ತೋರಿಸಿಯೇ ಬಿಡೋಣ ಅಂತ ಆ ಶನಿವಾರ ಲ್ಯಾಬಿನಿಂದ ನೀರಿನ ಆಕ್ಸಿಜನ್ ಅಳೆಯಲು ಬಳಸುವ ಬಿಓಡಿ ಬಾಟಲಿಗಳನ್ನು ಬುಟ್ಟಿಯಲ್ಲಿಟ್ಟುಕೊಂಡು ಊರಿಗೆ ಹೋದೆ. 300 ಮಿಲಿ ಹಿಡಿಯುವ ಗಾಜಿನ ಬಾಟಲಿ, ಅದಕ್ಕೆ ಓರೆಯಾಗಿ ಉಜ್ಜಿದ ಗಾಜಿನ ಬಿರಡೆ. ಸಂಜೆ ನಾಲ್ಕಕ್ಕೆ ತೂಬಿನ ಹತ್ತಿರ ಮೊದಲ ಬಾಟಲಿ ಮುಳುಗಿಸಿದೆ. ಬಾಟಲಿಯನ್ನು ಗಳಗಳ ಅಂತ ತುಂಬಬಾರದು. ಒಂದೇ ಒಂದು ಗುಳ್ಳೆ ಒಳಗುಳಿದರೂ ಅದರ ಆಕ್ಸಿಜನ್ ನೀರಿಗೆ ಬೆರೆತು ಲೆಕ್ಕ ಕೆಡುತ್ತದೆ. ತುಂಬಿದ ಮೇಲೆ ಪಿಪೆಟ್ಟಿನ ತುದಿಯನ್ನು ನೀರಿನೊಳಗೇ ಇಳಿಸಿ 2 ಮಿಲಿ ಮ್ಯಾಂಗನಸ್ ಸಲ್ಫೇಟ್, ಅದರ ಹಿಂದೆಯೇ 2 ಮಿಲಿ ಆಲ್ಕಲಿ-ಅಯೋಡೈಡ್-ಅಝೈಡ್. ಬಿರಡೆ ಹಾಕಿ ಬಾಟಲಿಯನ್ನು ತಲೆಕೆಳಗು ಮಾಡಿ ಮಾಡಿ ಆಡಿಸಿದರೆ ಒಳಗೆ ಗಷ್ಟು ಕಟ್ಟುತ್ತದೆ. ನೀರಿನಲ್ಲಿ ಆಕ್ಸಿಜನ್ ಇದ್ದಷ್ಟೂ ಅದು ಕಂದು. ಆ ಸಂಜೆಯದು ಕಡುಕಂದು. ಬಾಟಲಿಯಾಚೆ ಹಿಡಿದ ಮಾವನ ಬೆರಳು ಕಾಣಿಸುತ್ತಿರಲಿಲ್ಲ.

ಹಂಗೆರಿಯ ಲಾಯೋಶ್ ವಿಂಕ್ಲರ್ 1888ರಲ್ಲಿ ಪ್ರಕಟಿಸಿದ ವಿಧಾನ ಇದು. ಮೀಟರುಗಳು ಎಷ್ಟು ಬಂದರೂ ಅವು ಸರಿಯಾಗಿ ಓದುತ್ತಿವೆಯೋ ಇಲ್ಲವೋ ಅಂತ ತಾಳೆ ನೋಡಲು ಈಗಲೂ ಇದೇ ಬೇಕು. ನಮ್ಮ ಲ್ಯಾಬಿನ ಮೀಟರಿನ ಪ್ರೋಬ್ ಅಂತೂ ಬೀರುವಿನಲ್ಲಿ ಕೂತು ಒಣಗಿಹೋಗಿದೆ.

ರಾತ್ರಿ ಮಾವನ ಮನೆಯಲ್ಲಿ ರೊಟ್ಟಿ ಊಟ. ಐದಕ್ಕೆ ಎದ್ದು ಟಾರ್ಚ್ ಹಿಡಿದು ಏರಿ ಮೇಲೆ ಹೋದೆವು. ಅದೇ ತೂಬು, ಅದೇ ಆಳ, ಅದೇ ದ್ರಾವಣಗಳು. ಬಿರಡೆ ಹಾಕಿ ಆಡಿಸಿದರೆ ಮಜ್ಜಿಗೆ ಒಡೆದಂತೆ ಬಿಳಿ ಗಷ್ಟು. ಕಂದು ಬರಲೇ ಇಲ್ಲ. ಮಾವ ಟಾರ್ಚನ್ನು ಬಾಟಲಿಯ ಹಿಂದೆ ಹಿಡಿದು, ಮುಂದೆ ಹಿಡಿದು ನೋಡಿದರು. "ಔಷಧಿ ಹಾಕಾದು ಮರ್ತ್ಯಾ?" ಅಂದರು. ಇನ್ನೊಂದು ಬಾಟಲಿ ಕೊಟ್ಟು ನೀವೇ ಹಾಕಿ ಅಂದೆ. ಅದೂ ಬಿಳಿಯೇ. ನಾವು ಕೂತಿದ್ದ ಕಡೆಯೇ ನೀರಿನ ಮೇಲೆ ಅಲ್ಲಲ್ಲಿ ಮೀನುಗಳು ಬಾಯಿ ತೆರೆದು ಮುಚ್ಚುತ್ತಿದ್ದವು. ಅದನ್ನು ಮಾವ ಎಷ್ಟೋ ವರ್ಷದಿಂದ ನೋಡಿದ್ದರು. ಆಡ್ತಾವೆ ಅಂದುಕೊಂಡಿದ್ದರಂತೆ.

ಗಷ್ಟಿಗೆ ಅಲ್ಲಿಯೇ 2 ಮಿಲಿ ಗಂಧಕಾಮ್ಲ ಹಾಕಿಬಿಟ್ಟರೆ ಬಾಟಲಿಯನ್ನು ಒಂದಷ್ಟು ಗಂಟೆ ಇಟ್ಟುಕೊಳ್ಳಬಹುದು, ಲ್ಯಾಬಿಗೆ ಒಯ್ಯಬಹುದು. ಅಲ್ಲಿ 200 ಮಿಲಿ ತೆಗೆದುಕೊಂಡು 0.025 ನಾರ್ಮಲ್ ಥಯೋಸಲ್ಫೇಟ್ ಬ್ಯೂರೆಟ್ಟಿನಿಂದ ಇಳಿಸುತ್ತ ಹೋಗಬೇಕು. ಸ್ಟಾರ್ಚಿನ ನೀಲಿ ಮಾಯವಾಗುವಷ್ಟರಲ್ಲಿ ಎಷ್ಟು ಮಿಲಿ ಇಳಿಯಿತೋ ಲೀಟರಿಗೆ ಅಷ್ಟು ಮಿಲಿಗ್ರಾಂ ಆಕ್ಸಿಜನ್. ಲೆಕ್ಕ ಮಾಡುವ ಕೆಲಸವೇ ಇಲ್ಲದಂತೆ ಸಂಖ್ಯೆ ಹೊಂದಿಸಿಟ್ಟಿದ್ದಾರೆ, ಪುಣ್ಯಾತ್ಮರು. ಸಂಜೆಯದು 11 ದಾಟಿತು. ನಮ್ಮ ಎತ್ತರಕ್ಕೆ, ಆ ಸೆಖೆಗೆ ನೀರು ಸಹಜವಾಗಿ ಹಿಡಿಯಬಹುದಾದದ್ದು ಏಳೂವರೆಯ ಆಸುಪಾಸು. ಅಂದರೆ ಪಾಚಿ ಮಿತಿಮೀರಿ ತುಂಬಿಸಿತ್ತು. ಬೆಳಗಿನದು ಅರ್ಧ ಮಿಲಿಗ್ರಾಂ ಕೂಡ ಮುಟ್ಟಲಿಲ್ಲ.

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಕೆರೆ-ನದಿಗಳನ್ನು ಬಳಕೆಗೆ ತಕ್ಕಂತೆ 'ಎ'ಯಿಂದ 'ಇ'ವರೆಗೆ ಐದು ದರ್ಜೆ ಮಾಡಿದೆ. ಸೋಂಕು ತೆಗೆದು ಹಾಗೇ ಕುಡಿಯಬಹುದಾದ 'ಎ' ದರ್ಜೆಗೆ ಆಕ್ಸಿಜನ್ 6 ಇರಬೇಕು, ಸ್ನಾನದ 'ಬಿ'ಗೆ 5, ಮೀನು ಸಾಕುವ 'ಡಿ'ಗೆ 4. 'ಇ' ಅಂದರೆ ಗದ್ದೆಗೆ ಬಿಡುವ ನೀರು, ಅಲ್ಲಿ ಆಕ್ಸಿಜನ್ ಕೇಳುವುದೇ ಇಲ್ಲ. ಮಾವನ ಕೆರೆಯನ್ನು ಸಂಜೆ ನಾಲ್ಕಕ್ಕೆ ಅಳೆದರೆ ಆಕ್ಸಿಜನ್ ಮಟ್ಟಿಗೆ ಅದು ಫಸ್ಟ್ ಕ್ಲಾಸು. ಬೆಳಗಿನ ಐದಕ್ಕೆ ಅಳೆದರೆ ಯಾವ ಮೀನಿಗೂ ಲಾಯಕ್ಕಲ್ಲ. ಒಂದೇ ನೀರು, ನಡುವೆ ಹದಿಮೂರು ತಾಸು.

ಸಂಜೆಯ ನೀರು ಆರೋಗ್ಯವಾಗಿದೆ ಅಂತಲೂ ಅಲ್ಲ ಮತ್ತೆ. ಪಾಚಿ ಹಗಲೆಲ್ಲ ಇಂಗಾಲದ ಡೈಆಕ್ಸೈಡ್ ಎಳೆದುಕೊಳ್ಳುತ್ತದಲ್ಲ, ಅದರಿಂದ ನೀರಿನ ಪಿಎಚ್, ಅಂದರೆ ಕ್ಷಾರದ ಅಳತೆ, ಏರುತ್ತದೆ. ಹಸಿರು ಕೆರೆಗಳಲ್ಲಿ ಮಧ್ಯಾಹ್ನ ಮೂರರ ಸುಮಾರಿಗೆ 9 ದಾಟುವುದು ಅಪರೂಪವಲ್ಲ. ಮೋರಿ ನೀರಿನ ಜೊತೆ ಬಂದ ಅಮೋನಿಯಾ ಪಿಎಚ್ 7ರಲ್ಲಿ ಹೆಚ್ಚುಕಡಿಮೆ ನಿರುಪದ್ರವಿ. ನೂರಕ್ಕೆ ಒಂದು ಪಾಲೂ ವಿಷದ ರೂಪದಲ್ಲಿರುವುದಿಲ್ಲ. ಪಿಎಚ್ 9ಕ್ಕೆ ಏರಿದಾಗ ಅದೇ ಅಮೋನಿಯಾದ ಮೂರನೇ ಒಂದು ಪಾಲಿಗಿಂತ ಹೆಚ್ಚು ಮೀನಿನ ಕಿವಿರು ಸುಡುವ ರೂಪಕ್ಕೆ ತಿರುಗುತ್ತದೆ. ಹಗಲು ಹೀಗೆ, ರಾತ್ರಿ ಹಾಗೆ. ಮೀನು ಬದುಕುವುದು ಇವೆರಡರ ನಡುವಿನ ಹೊತ್ತಿನಲ್ಲಿ. ಸ್ಯಾಂಪಲ್ ಎತ್ತುವವರು ಬರುವುದೂ ಸರಿಯಾಗಿ ಆ ನಡುವಿನ ಹೊತ್ತಿಗೇ, ಹನ್ನೊಂದಕ್ಕೆ!

ಇದನ್ನು ಯಾರನ್ನೋ ದೂರಲು ಬರೆಯುತ್ತಿಲ್ಲ. ಜೀಪು ಬರಬೇಕು, ಡ್ರೈವರ್ ಸಿಗಬೇಕು, ಐಸ್ ಡಬ್ಬಿ ತುಂಬಬೇಕು, ಎತ್ತಿದ ನೀರು ಅದೇ ದಿನ ಲ್ಯಾಬು ಮುಟ್ಟಬೇಕು. ನೀರಿನ ಕೊಳೆ ತಿನ್ನಲು ಬ್ಯಾಕ್ಟೀರಿಯಾಕ್ಕೆ ಎಷ್ಟು ಆಕ್ಸಿಜನ್ ಬೇಕಾಗುತ್ತದೆ ಅಂತ ನೋಡುವ ಬಿಓಡಿ ಪರೀಕ್ಷೆಯನ್ನು ಮೊದಲೆಲ್ಲ 20 ಡಿಗ್ರಿಯಲ್ಲಿ ಐದು ದಿನ ಇಡುತ್ತಿದ್ದರು. ನಮ್ಮ ದೇಶದ ಸೆಖೆಗೆ ಹೊಂದುವ ಹಾಗೆ 27 ಡಿಗ್ರಿಯಲ್ಲಿ ಮೂರೇ ದಿನ ಸಾಕೆಂದು ಮಾಡಿದ್ದಾರೆ. ಮಂಗಳವಾರ ಇಟ್ಟ ಬಾಟಲಿಗೋಸ್ಕರ ಭಾನುವಾರ ಲ್ಯಾಬಿನ ಬೀಗ ತೆಗೆಯುವ ಕಷ್ಟ ತಪ್ಪಿತು. ಅಳತೆಯೂ ಅಳೆಯುವವರ ಸಂಸಾರಕ್ಕೆ ಹೊಂದಿಕೊಂಡೇ ನಡೆಯಬೇಕು, ಒಪ್ಪುತ್ತೇನೆ. ಆದರೆ ಎಷ್ಟೋ ಫಾರಂಗಳಲ್ಲಿ ತಾರೀಖಿಗೆ ಕಾಲಂ ಇರುತ್ತದೆ, ಗಂಟೆಗೆ ಇರುವುದಿಲ್ಲ. ನನ್ನ ತಕರಾರು ಅಷ್ಟೇ.

ಎಲ್ಲ ಅಳತೆಗೂ ಈ ಹೊತ್ತಿನ ಹಂಗಿಲ್ಲ. ಪಕ್ಕದ ಚಿತ್ರದುರ್ಗ ಜಿಲ್ಲೆಯಲ್ಲಿ ಬೋರ್‌ವೆಲ್ ನೀರಿನ ಫ್ಲೋರೈಡ್ ಹಳೆಯ ಗೋಳು. ಲೀಟರಿಗೆ 1.5 ಮಿಲಿಗ್ರಾಂ ದಾಟಿದರೆ ಕುಡಿಯಬಾರದು. ಆ ಫ್ಲೋರೈಡ್ ಬಂಡೆಯಿಂದ ಬರುವುದು, ಸೂರ್ಯ ಹುಟ್ಟಿದರೂ ಮುಳುಗಿದರೂ ಅದಕ್ಕೇನೂ ಅನಿಸುವುದಿಲ್ಲ. ಹನ್ನೊಂದಕ್ಕೇ ಎತ್ತಿ, ತೊಂದರೆಯಿಲ್ಲ. ಸೂಳೆಕೆರೆಯಂಥ ದೊಡ್ಡ ಕೆರೆಯ ಕಥೆ ಮತ್ತೊಂದು. ಎರಡೂವರೆ ಸಾವಿರ ಹೆಕ್ಟೇರಿಗಿಂತ ದೊಡ್ಡ ನೀರು, ಗುಡ್ಡದ ಕಡೆಯಿಂದ ಗಾಳಿ ಬೀಸಿದರೆ ದಡಕ್ಕೆ ಅಲೆ ಬಡಿಯುತ್ತದೆ. ಗಾಳಿ ಕಲಕುವ ನೀರಿಗೆ ರಾತ್ರಿಯೂ ಮೇಲಿನಿಂದ ಒಂದಿಷ್ಟು ಉಸಿರು ಸಿಗುತ್ತದೆ. ಸಿಕ್ಕಿಹಾಕಿಕೊಳ್ಳುವುದು ಊರೊಳಗಿನ, ಸುತ್ತ ಮನೆ ಎದ್ದ, ಮೋರಿ ಬಂದು ಬೀಳುವ ಸಣ್ಣ ಕೆರೆಗಳು. ಬೆಂಗಳೂರಿನ ಹಲಸೂರು ಕೆರೆಯಲ್ಲಿ 2016ರ ಮಾರ್ಚ್‌ನಲ್ಲಿ ರಾಶಿ ರಾಶಿ ಮೀನು ಸತ್ತು ತೇಲಿದ ಫೋಟೊ ನಿಮಗೂ ನೆನಪಿರಬಹುದು.

ನೀರಿಗೂ ಗಡಿಯಾರಕ್ಕೂ ಇರುವ ಸಂಬಂಧ ನನಗೆ ತಲೆಗೆ ಹತ್ತಿದ್ದು ಕೆರೆಯಿಂದಲ್ಲ, ಕುಮಟಾದಲ್ಲಿ. ಯಜಮಾನರಿಗೆ ಅಲ್ಲಿಗೆ ವರ್ಗವಾಗಿ ಕೆಲವು ವರ್ಷ ಅಘನಾಶಿನಿ ಹೊಳೆಯ ಕಡೆ ಇದ್ದೆವು. ಭತ್ತದ ಗದ್ದೆ ಅಂದರೆ ಭದ್ರಾ ನಾಲೆ, ಸರದಿಯಂತೆ ನೀರು ಬಿಟ್ಟು ನಿಲ್ಲಿಸುವ ಆನ್ ಅಂಡ್ ಆಫ್, ಕೊನೆಯಂಚಿಗೆ ನೀರು ಬಂತೋ ಇಲ್ಲವೋ ಎಂಬ ಜಗಳ ಅಂದುಕೊಂಡು ಬೆಳೆದವಳಿಗೆ ಅಲ್ಲಿ ಉಪ್ಪುನೀರು ತಡೆದುಕೊಳ್ಳುವ ಕಗ್ಗ ಭತ್ತ, ಅದು ಬೆಳೆಯುವ ಗಜನಿ ಗದ್ದೆ ನೋಡಿ ಕಣ್ಣು ಬಾಯಿ ಬಿಡುವ ಹಾಗಾಯಿತು. ಹೊಳೆಗೆ ಅಡ್ಡ ಅಣೆಕಟ್ಟಿಲ್ಲ. ಸಮುದ್ರ ಒಳಗೆ ಬರುತ್ತದೆ, ಹೋಗುತ್ತದೆ. 2024ರ ಜನವರಿಯಲ್ಲಿ ಹೊಳೆ ಕಡಲು ಸೇರುವ ಈ ಅಳಿವೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿತು. ಅದೇ ಹೊತ್ತಿಗೆ ಗದಗ ಜಿಲ್ಲೆಯ ಮಾಗಡಿ ಕೆರೆ, ನಮ್ಮ ಪಕ್ಕದ ವಿಜಯನಗರ ಜಿಲ್ಲೆಯ ಅಂಕಸಮುದ್ರವೂ ಸೇರಿದವು ಎಂಬುದನ್ನು ನಮ್ಮ ಕಡೆಯವರು ಗಮನಿಸಿದ ಹಾಗಿಲ್ಲ.

ಅಲ್ಲಿ ಒಂದು ಬೆಳಿಗ್ಗೆ ಬಳಚು, ಅಂದರೆ ಚಿಪ್ಪುಮೀನು, ಕೊಳ್ಳೋಣ ಅಂತ ದಡಕ್ಕೆ ಹೋದರೆ ಯಾರೂ ಇಲ್ಲ. ಬುಟ್ಟಿ ಹಿಡಿದು ಮನೆ ಕಡೆ ಹೊರಟಿದ್ದ ಒಬ್ಬ ಹೆಂಗಸು ನಕ್ಕರು. "ಈಗ ಬಂದ್ರೆ ಎಂತ ಸಿಗ್ತದೆ ಅಕ್ಕೋರೆ? ನೀರು ಏರ್ತಾ ಉಂಟಲ್ಲ. ನಾಳೆ ನೀರು ಇಳಿಯೂದು ಇವತ್ತಿಗಿಂತ ಸ್ವಲ್ಪ ತಡ, ಅದು ನೋಡ್ಕಂಡು ಬನ್ನಿ." ಭರತ-ಇಳಿತ ದಿನಕ್ಕೆ ಸುಮಾರು ಐವತ್ತು ನಿಮಿಷ ತಡವಾಗುತ್ತ ಹೋಗುತ್ತದೆ, ಅಮಾವಾಸ್ಯೆ-ಹುಣ್ಣಿಮೆಗೆ ನೀರು ಜಾಸ್ತಿ ಏರಿ ಜಾಸ್ತಿ ಇಳಿಯುತ್ತದೆ ಎಂಬುದು ಪುಸ್ತಕದಲ್ಲಿ ಓದಿದ್ದೆ. ತಿಥಿ ನೋಡಿ ಕೆಲಸಕ್ಕೆ ಇಳಿಯುವವರನ್ನು ಕಂಡದ್ದು ಅಲ್ಲಿಯೇ.

ನನ್ನ ಹತ್ತಿರ ಒಂದು ರಿಫ್ರ್ಯಾಕ್ಟೋಮೀಟರ್ ಇತ್ತು. ಗಾಜಿನ ಮೇಲೆ ಒಂದು ಹನಿ ನೀರು ಬಿಟ್ಟು, ಮುಚ್ಚಳ ಒತ್ತಿ, ಬೆಳಕಿಗೆ ಹಿಡಿದು ಕಣ್ಣಿಟ್ಟರೆ ಒಳಗೆ ನೀಲಿ-ಬಿಳಿ ಸೇರುವ ಗೆರೆ ಉಪ್ಪಿನ ಅಳತೆ ಹೇಳುತ್ತದೆ. ತೆರೆದ ಸಮುದ್ರದಲ್ಲಿ ಲೀಟರಿಗೆ 35 ಗ್ರಾಂ ಆಸುಪಾಸು. ಅಳಿವೆಯಲ್ಲಿ ಮಾತ್ರ ಅದು ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು. ಮಳೆಗಾಲದಲ್ಲಿ ಬಹುತೇಕ ಸಿಹಿ, ಮೇ ಹೊತ್ತಿಗೆ ಸಮುದ್ರವೇ ಸರಿ. ಇನ್ನೂ ತಮಾಷೆ ಆಳದ್ದು. ಉಪ್ಪುನೀರು ಭಾರ, ಅದು ಹೊಳೆನೀರಿನ ಅಡಿಗೆ ನುಗ್ಗಿ ಮಲಗುತ್ತದೆ. ದೋಣಿಯಿಂದ ಕೈ ಚಾಚಿ ತುಂಬಿದ ಬಕೆಟ್ಟಿನಲ್ಲಿ ಸಿಹಿನೀರು, ಕಲ್ಲು ಕಟ್ಟಿ ಇಳಿಸಿ ತೆಗೆದ ಬಾಟಲಿಯಲ್ಲಿ ಸಮುದ್ರ. ಪ್ರತಿ ಸೋಮವಾರ ಹತ್ತು ಗಂಟೆಗೆ ತಪ್ಪದೆ ಬಂದು ಮೇಲಿನ ನೀರೆತ್ತಿಕೊಂಡು ಹೋಗುವ ಶಿಸ್ತಿನ ಮನುಷ್ಯನಿಗೆ ಒಂದು ವಾರ ಭರತ ಸಿಕ್ಕರೆ ಇನ್ನೊಂದು ವಾರ ಇಳಿತ. ಅವನು ನೀರು ಕೆಟ್ಟಿತು, ಸುಧಾರಿಸಿತು, ಮತ್ತೆ ಕೆಟ್ಟಿತು ಅಂತ ಬರೆಯುತ್ತ ಹೋಗಬಹುದು. ಆಗಿರುವುದು ಚಂದ್ರನ ಓಡಾಟ ಅಷ್ಟೇ. ಅಳಿವೆಯಲ್ಲಿ ಗಂಟೆ ಬರೆದರೆ ಸಾಲದು, ಏರುನೀರೋ ಇಳಿನೀರೋ ಅದನ್ನೂ ಬರೆಯಬೇಕು, ಎಷ್ಟು ಆಳದ್ದು ಎಂಬುದನ್ನೂ.

ಆಕ್ಸಿಜನ್ನಿನ ಲೆಕ್ಕವೂ ಅಲ್ಲಿ ಬೇರೆ. 25 ಡಿಗ್ರಿಯಲ್ಲಿ ಸಿಹಿನೀರು 8.2ರಷ್ಟು ಹಿಡಿದರೆ ಸಮುದ್ರದ ನೀರು ಹಿಡಿಯುವುದು 6.7ರಷ್ಟೇ. ಕೆರೆಯಲ್ಲಿ 6 ಅಂದರೆ ಪರವಾಗಿಲ್ಲ, ಸಮುದ್ರದಲ್ಲಿ 6 ಅಂದರೆ ಹೆಚ್ಚುಕಡಿಮೆ ತುಂಬಿದ ಹಾಗೇ. ಇನ್ನು ನಮ್ಮ ಪಡುವಣ ಕರಾವಳಿಯ ಕಡಲಿಗೆ ವರ್ಷದ ಗಡಿಯಾರವೂ ಒಂದಿದೆ. ಮುಂಗಾರಿನ ಹೊತ್ತಿಗೆ ಆಳದ, ಆಕ್ಸಿಜನ್ ಕಡಿಮೆಯಿರುವ ನೀರು ತಳ ಹಿಡಿದು ದಡದತ್ತ ಏರಿ ಬರುತ್ತದೆ. ಮೇಲೆ ಮಳೆನೀರಿನ ತೆಳು ಪದರ ಮುಚ್ಚಳ ಹಾಕಿ ಕೂರುತ್ತದೆ. ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ತಳದ ನೀರಿನಲ್ಲಿ ಆಕ್ಸಿಜನ್ ಇಲ್ಲವಾಗಿ ಕೊಳೆತ ಮೊಟ್ಟೆಯ ವಾಸನೆಯ ಗ್ಯಾಸು ಹುಟ್ಟುವುದೂ ಉಂಟು. ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯವರು ಕ್ಯಾಂಡೋಲಿಮ್ ಆಚೆ ಒಂದೇ ಜಾಗಕ್ಕೆ ಮತ್ತೆ ಮತ್ತೆ ಹೋಗಿ ನೀರೆತ್ತಿ ಇದನ್ನು ದಾಖಲು ಮಾಡುತ್ತ ಬಂದಿದ್ದಾರೆ. ಜನವರಿಯಲ್ಲಿ ಮಾತ್ರ ಹೋಗಿ ಬಂದವರಿಗೆ ಇದರ ಸುಳಿವೂ ಸಿಗುವುದಿಲ್ಲ. ಇನ್ನೂ ಆಚೆಯ ಸಾಗರದಲ್ಲಿ ಆರ್ಗೋ ಎಂಬ ತೇಲುಯಂತ್ರಗಳು ಪ್ರಪಂಚದಲ್ಲಿ ಸುಮಾರು ನಾಲ್ಕು ಸಾವಿರ ಇವೆ. ಹತ್ತು ದಿನಕ್ಕೊಮ್ಮೆ 2,000 ಮೀಟರ್ ಆಳದಿಂದ ಅಳೆಯುತ್ತ ಮೇಲೆ ಬಂದು ಉಪಗ್ರಹಕ್ಕೆ ವರದಿ ಒಪ್ಪಿಸಿ ಮತ್ತೆ ಮುಳುಗುತ್ತವೆ. ಅವಕ್ಕೆ ಜೀಪು ಬೇಡ, ಟೀ ಟೈಮೂ ಇಲ್ಲ.

ನಮ್ಮಂಥವರಿಗೆ ಅಂಥ ಯಂತ್ರ ಯಾರು ಕೊಡುತ್ತಾರೆ. ಆದರೆ ರಾತ್ರಿಯಿಡೀ ಅಲ್ಲೇ ಇದ್ದು ಸಾಕ್ಷಿ ಹೇಳುವವರು ಕೆರೆಯ ತಳದಲ್ಲೇ ಇದ್ದಾರೆ. ವಿದ್ಯಾರ್ಥಿಗಳನ್ನು ಕರೆದುಕೊಂಡು ಹೋದಾಗ ಮೊದಲು ಒಂದು ಜರಡಿಯಲ್ಲಿ ದಡದ ಕೆಸರು ಎತ್ತಿಸುತ್ತೇನೆ. ಬಿಳಿ ತಟ್ಟೆಗೆ ಸುರಿದು ಸುಮ್ಮನೆ ಎರಡು ನಿಮಿಷ ನೋಡಿ ಅನ್ನುತ್ತೇನೆ. ಏರೋಪ್ಲೇನ್ ಚಿಟ್ಟೆಯ ಮರಿಗಳು, ಬಾಲಕ್ಕೆ ಮೂರು ಎಳೆಯಿರುವ ಮೇಫ್ಲೈ ಮರಿಗಳು ಓಡಾಡಿದರೆ ಆ ಕೆರೆ ರಾತ್ರಿಯನ್ನೂ ಒಂದು ಮಟ್ಟಕ್ಕೆ ಸುಧಾರಿಸಿದೆ ಅಂತ ಅರ್ಥ. ಬರೀ ಕೆಂಪು ಹುಳ ಕೊಂಕಿ ಕೊಂಕಿ ಹೊರಳಾಡುತ್ತಿದ್ದರೆ ಇಲ್ಲ. ಆ ಕೆಂಪು ನಮ್ಮ ರಕ್ತದಲ್ಲಿರುವ ಹಿಮೋಗ್ಲೋಬಿನ್ನಿನದೇ. ಉಸಿರು ಸಿಗದ ಕೆಸರಿನಲ್ಲಿ ಇದ್ದಬದ್ದ ಆಕ್ಸಿಜನ್ ಹೆಕ್ಕಿಕೊಳ್ಳಲು ಅವು ಮಾಡಿಕೊಂಡ ಏರ್ಪಾಡು. ಹುಳಗಳನ್ನು ಗುಂಪು ಹಿಡಿದು ಎಣಿಸಿ ನೀರಿಗೆ ಅಂಕ ಕೊಡುವ ಪದ್ಧತಿ ಕೇಂದ್ರ ಮಂಡಳಿಯಲ್ಲೂ ಇದೆ. ಹನ್ನೊಂದಕ್ಕೇ ಹೋಗಬೇಕಾದವರು ಜರಡಿ ಒಯ್ಯಲಿ ಅನ್ನುವುದು ನನ್ನ ಮಾತು. ಹುಡುಗರಿಗೂ ಇದೇ ಇಷ್ಟ. ಬೆಳಗಿನ ಐದಕ್ಕೆ ಬಾಟಲಿ ಮುಳುಗಿಸೋಣ ಬನ್ನಿ, ಆಮೇಲೆ ಬೆಣ್ಣೆ ದೋಸೆ ಕೊಡಿಸ್ತೀನಿ ಅಂದರೂ ಬರುವವರು ಕಡಿಮೆ.

ಮಾವನ ಊರಿನ ಸುದ್ದಿ ಹೇಗೋ ಹರಡಿದೆ. ಈಗ ಬಾಟಲಿ ಬರುವುದು ಕಡಿಮೆಯಾಗಿ ಫೋನ್ ಬರುವುದು ಜಾಸ್ತಿಯಾಗಿದೆ, ಅದೂ ಹೊತ್ತಲ್ಲದ ಹೊತ್ತಿಗೆ. ಈಚೆಗೆ ಜಗಳೂರು ಕಡೆಯ ಒಬ್ಬರು ಕತ್ತಲಲ್ಲೇ ಮಾಡಿದರು. ಹೊಲದಲ್ಲಿ ಕೃಷಿ ಹೊಂಡ ಮಾಡಿ ಮೀನು ಬಿಟ್ಟಿದ್ದಾರೆ.

"ಮೇಡಂ, ಮೀನು ಬಾಯಿ ಬಿಡಾಕತ್ತಾವೆ. ಏನ್ ಮಾಡ್ಲಿ?"

"ಮೋಟ್ರು ಹಚ್ಚಿ ಹೊಂಡದ ನೀರನ್ನೇ ಎತ್ತಿ ಎತ್ತರದಿಂದ ಹೊಂಡಕ್ಕೇ ಸುರೀರಿ. ಇವತ್ತು ತೌಡು ಹಾಕಬೇಡಿ, ಸಗಣಿನೂ ಬೇಡ."

"ಕರೆಂಟ್ ಇಲ್ರೀ. ತ್ರೀ ಫೇಸ್ ನಾಲ್ಕಕ್ಕೆ ಹೋತು."

ನಾಲ್ಕಕ್ಕೇ ಹೋಗಬೇಕಾ ಅದು! ಹೊಂಡಕ್ಕೆ ಬೇಕಾಗುವುದೇ ನಾಲ್ಕರಿಂದ ಆಚೆಗೆ. ಊರಲ್ಲಿ ಡೀಸೆಲ್ ಎಂಜಿನ್ ಯಾರ ಹತ್ತಿರ ಇದೆ ಅಂತ ಕೇಳಿದೆ. ದೊಡ್ಡಪ್ಪನ ಮಗನ ಹತ್ತಿರ ಇದೆಯಂತೆ, ಆದರೆ ಅವರಿಬ್ಬರಿಗೂ ಮಾತಿಲ್ಲ. ಮಾತಾಡಿ, ಈಗಲೇ ಹೋಗಿ ಎಬ್ಬಿಸಿ, ಬಿಸಿಲು ಬೀಳೋವರೆಗೂ ಓಡಿಸಿ ಅಂದೆ. ಎಂಟರ ಹೊತ್ತಿಗೆ ಮತ್ತೆ ಫೋನ್ ಬಂತು. ಮೀನು ಬಹಳಷ್ಟು ಉಳಿದಿವೆ, ಡೀಸೆಲ್ ದುಡ್ಡು ಯಾರು ಕೊಡಬೇಕು ಅಂತ ಹೊಸ ಜಗಳ ಶುರುವಾಗಿದೆ.